ರ‍್ಯಾಂಪು ಕಟ್ಟಿದರೆ ಮುಗಿಯಿತೆ?

ಕಥೆ, ಕವಿತೆಗಳ ನಡುವೆ ಸಿಮೆಂಟು, ಟೈಲ್ಸುಗಳ ಮಾತು ತೆಗೆಯುತ್ತಿದ್ದೇನೆ. ಸಾಹಿತ್ಯಾಸಕ್ತರು ಮನ್ನಿಸಬೇಕು. ನಾನು ಸಾಹಿತಿಯಲ್ಲ, ಬ್ಯಾಂಕಿನಲ್ಲಿ ಗುಮಾಸ್ತ. ಲೆಕ್ಕ ಬರೆಯಬಲ್ಲವನು ಎಂಬ ಒಂದೇ ಅರ್ಹತೆಯ ಮೇಲೆ ಊರವರು ನನ್ನನ್ನು ನಮ್ಮ ಕನ್ನಡ ಶಾಲೆಯ ಕಟ್ಟಡ ಸಮಿತಿಗೆ ಕೋಶಾಧಿಕಾರಿಯನ್ನಾಗಿ ಮಾಡಿದರು. ಹಣ ಎತ್ತಿದೆವು, ಹಳೆಯದನ್ನು ಕೆಡವಿದೆವು, ಹೊಸದನ್ನು ಕಟ್ಟಿದೆವು, ಫೋಟೋ ತೆಗೆಸಿಕೊಂಡೆವು. ಆ ಹೊಸ ಕಟ್ಟಡ ಒಬ್ಬ ಹುಡುಗನನ್ನು ಹೊರಗೆ ಹಾಕಿತು. ಹಾಕಿದ್ದು ಮಾಸ್ತರರಲ್ಲ, ಟೀಚರಲ್ಲ, ಕಟ್ಟಡ. ಅದರ ಒಂದೊಂದು ಬಿಲ್ಲಿನ ಮೇಲೂ ನನ್ನ ಸಹಿ ಇದೆ. ಹುಡುಗ ನನ್ನ ಸ್ವಂತ ಅಕ್ಕನ ಮಗ.

ಹುಡುಗನಿಗೆ ಆಟಿಸಂ. ಆಟಿಸಂ, ಎ.ಡಿ.ಎಚ್.ಡಿ., ಡಿಸ್ಲೆಕ್ಸಿಯಾ ಮುಂತಾದ ಹೆಸರುಗಳನ್ನೆಲ್ಲ ಒಂದೇ ಕೊಡೆಯಡಿ ತಂದು ಇಂಗ್ಲಿಷಿನವರು ‘ನ್ಯೂರೋಡೈವರ್ಜೆಂಟ್’ ಎನ್ನುತ್ತಾರೆ. ನಾನು ನನ್ನಷ್ಟಕ್ಕೆ ‘ಬೇರೆ ಜಾಡಿನ ಮನಸ್ಸಿನವರು’ ಎಂದುಕೊಂಡಿದ್ದೇನೆ. ಇವರಲ್ಲಿ ಅನೇಕರಿಗೆ ನಮಗೆ ಕೇಳಿಸದ ಸದ್ದು ಕೇಳಿಸುತ್ತದೆ, ನಮಗೆ ಚುಚ್ಚದ ಬೆಳಕು ಚುಚ್ಚುತ್ತದೆ. ಕೆಲವರಿಗೆ ಇದಕ್ಕೆ ತದ್ವಿರುದ್ಧ: ಎಷ್ಟು ಸದ್ದಿದ್ದರೂ ಸಾಲದು. ಇದು ಹಟವಲ್ಲ, ಸಾಕಿದವರ ತಪ್ಪಲ್ಲ, ಎರಡು ಪೆಟ್ಟು ಕೊಟ್ಟರೆ ಸರಿಹೋಗುವಂಥದ್ದೂ ಅಲ್ಲ.

ಹಳೆಯ ಕಟ್ಟಡ ನಿಮಗೆಲ್ಲ ಗೊತ್ತಿರುವಂಥದ್ದೇ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಕಾವಿ ಬಳಿದ ನೆಲ, ಎರಡೂ ಬದಿಗೆ ಜಗಲಿ, ಜಗಲಿಯ ಕಡೆಗೆ ಅರ್ಧಗೋಡೆ. ಗಂಟೆ ಎಂದರೆ ತೂಗುಹಾಕಿದ ರೈಲು ಹಳಿಯ ತುಂಡು. ಹುಡುಗ ಅಲ್ಲಿ ನಾಲ್ಕು ವರ್ಷ ಕೂತ. ಪಾಠ ಎಷ್ಟು ತಲೆಗೆ ಹೋಯಿತೋ, ಕೂತದ್ದಂತೂ ನಿಜ. ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು. ಅದರಿಂದ ನೆಲಕ್ಕೆ ಬಿದ್ದ ಬಿಸಿಲಿನ ಚೌಕ ಯಾವ ಬೆಂಚಿನ ಕಾಲಿಗೆ ಬಂದರೆ ಊಟದ ಗಂಟೆ ಎಂದು ಅವನಿಗೆ ಲೆಕ್ಕ ಗೊತ್ತಿತ್ತು. ಗಂಟೆ ಹೊಡೆಯುವ ಮೊದಲೇ ಕಿವಿಗೆ ಕೈ ಕೊಟ್ಟುಕೊಂಡು ಸಿದ್ಧನಾಗಿರುತ್ತಿದ್ದ. ತಲೆ ಬಿಸಿಯಾದರೆ ಎದ್ದು ಜಗಲಿಯ ಮೂಲೆಯಲ್ಲಿ, ಹಲಸಿನ ಮರದ ಕಡೆಗೆ ಮುಖ ಮಾಡಿ ಹತ್ತು ನಿಮಿಷ ನಿಂತು ಮತ್ತೆ ಒಳಗೆ ಬರುತ್ತಿದ್ದ. ಟೀಚರು ಏನೂ ಹೇಳುತ್ತಿರಲಿಲ್ಲ. ಅರ್ಧಗೋಡೆಯ ಮೇಲಿಂದ ಅವನು ಕಾಣುತ್ತಲೇ ಇದ್ದನಲ್ಲ.

ಹೊಸ ಕಟ್ಟಡದ ಬಾಗಿಲು ತೆರೆದದ್ದು 2023ರ ಜೂನ್‌ನಲ್ಲಿ. ಕಾಂಕ್ರೀಟು ತಾರಸಿ, ಮೂರು ಸುತ್ತು ಪುಟ್ಟಿ ಹಾಕಿ ನುಣುಪು ಮಾಡಿದ ಗೋಡೆ, ಕನ್ನಡಿಯಂಥ ಟೈಲ್ಸು, ಸ್ಟೀಲಿನ ಡೆಸ್ಕು, ಗೋಡೆಗೊಂದು ಪರದೆ, ಗಂಟೆಯ ಬದಲು ಸೈರನ್ನು. ಊರಿಗೆ ಊರೇ ಬೆರಗಾಗಿ ನೋಡಿತು. ಹುಡುಗ ಬಾಗಿಲಲ್ಲೇ ನಿಂತ. ನೆಲದಲ್ಲಿ ಟ್ಯೂಬ್‌ಲೈಟಿನ ನೆರಳು ಹೊಳೆಯುತ್ತಿತ್ತು. ನೀರೆಂದು ಬಗೆದು ಕಾಲಿಡಲಿಲ್ಲ. ಎತ್ತಿ ಒಳಗೆ ಕೂರಿಸಿದರು. ಮೂವತ್ತು ಮಕ್ಕಳು ಒಮ್ಮೆಗೆ ಡೆಸ್ಕು ಎಳೆದ ಸದ್ದಿಗೆ ಅವನು ಮೆಟ್ಟಿಲ ಕೆಳಗೆ ನುಗ್ಗಿ ಕಿವಿ ಮುಚ್ಚಿ ಕೂತ. ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನದಿಂದ ಅವನು ಮನೆಯಲ್ಲಿದ್ದಾನೆ.

ಈ ಹನ್ನೊಂದು ದಿನಗಳಲ್ಲಿ ಆರನೆಯದರ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ತಲೆಯೆಣಿಕೆ. ಆ ಸಂಖ್ಯೆಯ ಮೇಲೆ ಡಿವಿಷನ್ ನಿಲ್ಲಬೇಕು, ಅಧ್ಯಾಪಕರ ಹುದ್ದೆ ನಿಲ್ಲಬೇಕು. ಕನ್ನಡ ಶಾಲೆಗಳ ಮಟ್ಟಿಗೆ ಆ ದಿನವೆಂದರೆ ಜೀವ ಕೈಯಲ್ಲಿ ಹಿಡಿದು ಕೂರುವ ದಿನ. ಸಮಿತಿಯ ನಾವೇ ಮನೆಮನೆಗೆ ಹೋಗಿ, ‘ಮಗುವನ್ನು ಕನ್ನಡ ಶಾಲೆಗೆ ಕಳುಹಿಸಿ, ಇಲ್ಲದಿದ್ದರೆ ಶಾಲೆ ಹೋಗ್ತದೆ’ ಎಂದು ಕೈಮುಗಿದು ಬಂದವರು. ಆರನೇ ದಿನ ಹುಡುಗನನ್ನು ಬಹಳ ಮುತುವರ್ಜಿಯಿಂದ ಕರೆತಂದರು. ಎಣಿಕೆ ಸರಿಯಾಯಿತು. ಅದಾದ ವಾರದಲ್ಲೇ ಅಕ್ಕನಿಗೆ ಸೂಚನೆ ಬಂತು: ‘ಸ್ವಲ್ಪ ದಿನ ಮನೆಯಲ್ಲೇ ಇರಲಿ ಅಮ್ಮ, ಬೇರೆ ಮಕ್ಕಳಿಗೆ ತೊಂದರೆ ಆಗ್ತದೆ.’

ಕನ್ನಡದ ಉಳಿವಿಗೆ ಅವನ ತಲೆ ಬೇಕು. ಆ ತಲೆ ತಾಳಿಕೊಳ್ಳುವಂಥ ಕೋಣೆ ಮಾತ್ರ ಬೇಡ.

ಅಕ್ಕ ನನ್ನನ್ನು ಬೈಯಲಿಲ್ಲ. ಒಂದು ದಿನ ಚಹಾ ಕೊಡುತ್ತಾ, ‘ಆ ಟೈಲ್ಸ್ ನೀನೇ ಅಲ್ವಾ ಆರಿಸಿದ್ದು?’ ಎಂದಳು. ಹೌದು, ನಾನೇ. ಹೊಳಪು ಹೆಚ್ಚಿನದ್ದಿರಲಿ, ತಿಕ್ಕುವುದು ಸುಲಭ ಎಂದು ಅಂಗಡಿಯಲ್ಲಿ ನಿಂತು ಹೇಳಿದವನು ನಾನೇ.

ಆಮೇಲೆ ನಾನು ಓದತೊಡಗಿದೆ. ಓದಿದ್ದರಲ್ಲಿ ನನಗೆ ಬಹಳ ಹಿಡಿಸಿದವನು ಅಮೆರಿಕದ ಹಾರ್ವರ್ಡಿನ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸೇಬಿನ್. 1895ರ ಸುಮಾರಿಗೆ ಅವನಿಗೆ ಒಂದು ತಲೆನೋವಿನ ಕೆಲಸ ಬಂತು. ವಿಶ್ವವಿದ್ಯಾಲಯ ಕಟ್ಟಿಸಿದ ಹೊಸ ಉಪನ್ಯಾಸ ಕೋಣೆಯಲ್ಲಿ ಮಾತನಾಡಿದರೆ ಯಾರಿಗೂ ತಿಳಿಯದು. ಒಂದು ಶಬ್ದದ ದನಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಕೋಣೆಯೊಳಗೇ ಗುಂಯ್ಗುಡುತ್ತಿತ್ತು. ಮೊದಲ ಶಬ್ದ ಸಾಯುವ ಮೊದಲೇ ಹತ್ತಾರು ಶಬ್ದಗಳು ಅದರ ಮೇಲೆ ಬಿದ್ದಾಗಿರುತ್ತಿತ್ತು. ಸೇಬಿನ್ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ಹೊರಿಸಿ ತಂದು ಕೋಣೆಯಲ್ಲಿ ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಗುಂಯ್ಗುಡುವಿಕೆ ಕಡಿಮೆಯಾಗುತ್ತದೆಂದು ಅಳೆದ. ಬೆಳಗಾಗುವ ಮೊದಲು ಮೆತ್ತೆಗಳು ನಾಟಕಶಾಲೆಗೆ ಹಿಂತಿರುಗಬೇಕು. ದನಿಯನ್ನು ನುಂಗುವ ಶಕ್ತಿಗೆ ಒಂದು ಅಳತೆ ಬೇಕಿತ್ತಲ್ಲ, ಅದಕ್ಕೆ ಅವನು ಆರಿಸಿಕೊಂಡ ಅಳತೆಗೋಲು ಯಾವುದು ಗೊತ್ತೆ? ತೆರೆದ ಕಿಟಕಿ. ತೆರೆದ ಕಿಟಕಿಗೆ ಹೋದ ದನಿ ಹಿಂದೆ ಬರುವುದಿಲ್ಲ. ಅದೇ ಪೂರ್ಣ ಒಂದು. ಉಳಿದುದೆಲ್ಲ ಅದರ ಪಾಲು.

ಸಿಮೆಂಟಿನ ನುಣುಪು ಗೋಡೆ, ಟೈಲ್ಸು, ತಾರಸಿಗಳ ಪಾಲು ಎಷ್ಟೆಂದರೆ ನೂರಕ್ಕೆ ಒಂದರಿಂದ ಮೂರು. ಉಳಿದದ್ದೆಲ್ಲ ಮಕ್ಕಳ ಕಿವಿಗೇ ಮರಳುತ್ತದೆ. ಗಣಿತ ನನ್ನ ವಿಷಯವಲ್ಲ, ಆದರೆ ಗುಣಾಕಾರ, ಭಾಗಾಕಾರ ಬ್ಯಾಂಕಿನಲ್ಲಿ ದಿನವೂ ಮಾಡುತ್ತೇನೆ. ಸೇಬಿನ್ನನ ಸೂತ್ರ ಹಿಡಿದು ಕೂತೆ. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹನ್ನೊಂದಡಿ ಎತ್ತರದ ಬರಿಯ ಕೋಣೆ, ಎಲ್ಲ ಗಡುಸು, ಕಿಟಕಿ ಮುಚ್ಚಿದೆ ಎಂದರೆ ದನಿ ನಾಲ್ಕು ಸೆಕೆಂಡಿಗೂ ಹೆಚ್ಚು ನಿಲ್ಲುತ್ತದೆ. ಮೂವತ್ತು ಮಕ್ಕಳನ್ನು ಕೂರಿಸಿ (ಮಕ್ಕಳ ಮೈ, ಬಟ್ಟೆಗಳೂ ದನಿ ನುಂಗುತ್ತವೆ) ಎರಡು ಕಿಟಕಿ ತೆರೆದರೂ ಒಂದು ಸೆಕೆಂಡಿನ ಮೇಲೇ ಬರುತ್ತದೆ. ಅದೇ ಅಳತೆಯ ಕೋಣೆಗೆ ಎರಡು ಬದಿ ಐದೈದು ಅಡಿ ಎತ್ತರಕ್ಕೆ ತೆರೆದ ಜಾಗವಿದ್ದರೆ ಲೆಕ್ಕ 0.6ರ ಆಸುಪಾಸಿಗೆ ಇಳಿಯುತ್ತದೆ. ಅಮೆರಿಕದ ತರಗತಿ ಕೋಣೆಗಳ ಮಾನಕ ಹೇಳುವುದೂ 0.6 ಸೆಕೆಂಡನ್ನೇ. ನಮ್ಮ ಅಜ್ಜಂದಿರು ಸೇಬಿನ್ನನ ಹೆಸರು ಕೇಳಿದವರಲ್ಲ, ಸೆಕೆ ತಡೆಯಲಾರದೆ ಅರ್ಧಗೋಡೆ ಕಟ್ಟಿದವರು. ಆದರೂ ಅವರ ಕೋಣೆ ಮಾನಕಕ್ಕೆ ಸರಿಹೊಂದುತ್ತಿತ್ತು. ನಾವು ಅದನ್ನು ಕೆಡವಿ, ಸಾಲ ಮಾಡಿ, ಸದ್ದಿನ ಡಬ್ಬಿ ಕಟ್ಟಿದೆವು.

ಕೈರೋದ ವಾಸ್ತುಶಿಲ್ಪಿ ಮಗ್ದಾ ಮುಸ್ತಫಾ ಎಂಬಾಕೆ ಆಟಿಸಂ ಇರುವ ಮಕ್ಕಳ ಅಧ್ಯಾಪಕರು, ಹೆತ್ತವರನ್ನು ಕೇಳಿ, ಕಟ್ಟಡದ ಯಾವ ಗುಣ ಮಕ್ಕಳನ್ನು ಹೆಚ್ಚು ಬಾಧಿಸುತ್ತದೆಂದು ಪಟ್ಟಿ ಮಾಡಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಸದ್ದು. ಒಂದು ತರಗತಿಯಲ್ಲಿ ಸದ್ದನ್ನು ತಗ್ಗಿಸಿ ನೋಡಿದಾಗ ಮಕ್ಕಳ ಗಮನ ನಿಲ್ಲುವ ಹೊತ್ತು ಹೆಚ್ಚಿತು. ಇದನ್ನು ಆಕೆ 2008ರಲ್ಲಿ ಪ್ರಕಟಿಸಿದರು. ಮುಂದೆ ಅವರು ಏಳು ಸೂತ್ರಗಳನ್ನು ಹೇಳಿದರು. ಅವುಗಳಲ್ಲಿ ಒಂದು, ತಲೆ ತುಂಬಿ ಬಂದಾಗ ಹೋಗಿ ಕೂರಲು ಒಂದು ಪುಟ್ಟ ಮೂಲೆ ಇರಬೇಕು ಎಂಬುದು. ಇನ್ನೊಂದು, ಗದ್ದಲದ ಜಾಗದಿಂದ ಮೌನದ ಜಾಗಕ್ಕೆ ಒಮ್ಮೆಗೇ ಕಾಲಿಡುವಂತಿರಬಾರದು, ನಡುವೆ ಒಂದು ಹದದ ಜಾಗ ಬೇಕು ಎಂಬುದು. ಓದುತ್ತಾ ನಗು ಬಂತು. ಜಗಲಿ ಎಂದರೆ ಅದೇ ಅಲ್ಲವೆ? 2022ರಲ್ಲಿ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ‘ಡಿಸೈನ್ ಫಾರ್ ದ ಮೈಂಡ್’ ಎಂಬ ಮಾರ್ಗದರ್ಶಿಯನ್ನು ಪಿ.ಎ.ಎಸ್. 6463 ಎಂಬ ಸಂಖ್ಯೆಯಲ್ಲಿ ಹೊರತಂದಿತು. ಬೆಳಕು, ಸದ್ದು, ನೆಲದ ಹೊಳಪು, ಕಣ್ಣು ಕುಕ್ಕುವ ಪಟ್ಟೆ, ದಾರಿ ತಿಳಿಸುವ ಫಲಕ ಎಲ್ಲ ಅದರಲ್ಲಿ ಬರುತ್ತದೆ. ಇಲ್ಲಿ ನಾವು ಟೈಲ್ಸಿನ ಅಂಗಡಿಯವನ ಕ್ಯಾಟಲಾಗೇ ಮಾರ್ಗದರ್ಶಿ ಎಂದುಕೊಂಡಿದ್ದೇವೆ.

ನಮ್ಮ ದೇಶದಲ್ಲಿ ಕಾನೂನು ಇಲ್ಲವೆ? ಇದೆ. 1995ರ ಕಾಯಿದೆಯ ಏಳು ವಿಧಗಳ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ವಿಧಗಳನ್ನು ಹೇಳಿ, ಆಟಿಸಂ ಅನ್ನೂ ಕಲಿಕೆಯ ನಿರ್ದಿಷ್ಟ ನ್ಯೂನತೆಗಳನ್ನೂ ಹೆಸರು ಹಿಡಿದು ಸೇರಿಸಿತು. ಶಾಲೆಯ ಕಟ್ಟಡ ಎಲ್ಲ ಮಕ್ಕಳಿಗೂ ಒದಗಬೇಕೆಂದಿತು. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದ ದಿನದಿಂದ ಐದು ವರ್ಷದ ಗಡು ಕೊಟ್ಟಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡು ಮುಗಿದದ್ದು 2022ರ ಜೂನ್‌ನಲ್ಲಿ. ನಮ್ಮ ಕಟ್ಟಡ ಅದಾದ ಮೇಲಿನದ್ದು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯ ರಾಜೀವ್ ರತೂರಿ ಪ್ರಕರಣದಲ್ಲಿ, ನಿಯಮದ 15ನೇ ಅಂಶ ಬರೀ ಸಲಹೆಯಂತಿದೆ, ಕಡ್ಡಾಯವಲ್ಲದ ಸಲಹೆ ಕಾಯಿದೆಯ ಉದ್ದೇಶಕ್ಕೆ ವಿರುದ್ಧ ಎಂದು ಅದನ್ನು ಬದಿಗಿಟ್ಟು, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ರೂಪಿಸಲು ಕೇಂದ್ರ ಸರಕಾರಕ್ಕೆ ಹೇಳಿತು. ದಿಲ್ಲಿಯಲ್ಲಿ ಇಷ್ಟೆಲ್ಲ ಆಯಿತು. ನಮ್ಮೂರಿನ ಸಮಿತಿಯ ತಲೆಯಲ್ಲಿ ಮಾತ್ರ ಅಂಗವಿಕಲ ಎಂದರೆ ಗಾಲಿಕುರ್ಚಿಯವನು, ಸೌಕರ್ಯ ಎಂದರೆ ರ‍್ಯಾಂಪು. ರ‍್ಯಾಂಪು ಬೇಕು, ಅದನ್ನು ಹೋರಾಡಿ ತಂದವರಿಗೆ ನಮಸ್ಕಾರ. ಆದರೆ ರ‍್ಯಾಂಪು ಹತ್ತಿ ಒಳಗೆ ಬಂದ ಮೇಲೆ ಕೂರಲಾಗದವನಿಗೆ ಏನು?

ಸಮಿತಿಯಲ್ಲಿ ವಿಷಯ ಎತ್ತಿದೆ. ಅಧ್ಯಕ್ಷರು ಒಳ್ಳೆಯವರು, ಶಾಲೆಗಾಗಿ ಚಪ್ಪಲಿ ಸವೆಸಿದವರು. ‘ಒಬ್ಬ ಹುಡುಗನಿಗಾಗಿ ಇಡೀ ಕಟ್ಟಡ ಬದಲಾಯಿಸ್ಲಿಕ್ಕೆ ಆಗ್ತದಾ ಮಾರಾಯ್ರೆ?’ ಎಂದರು. ಎಲ್ಲರೂ ತಲೆಯಾಡಿಸಿದರು.

ಅವರಿಗೆ ಅಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ. ಗುಂಯ್ಗುಡುವ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಡುವವರು ಚಿಕ್ಕ ಮಕ್ಕಳು ಮತ್ತು ಮನೆಮಾತಲ್ಲದ ಭಾಷೆಯಲ್ಲಿ ಪಾಠ ಕೇಳುವವರು. ಇದು ಸಂಶೋಧಕರು ಮತ್ತೆ ಮತ್ತೆ ಕಂಡಿರುವ ಮಾತು. ದೊಡ್ಡವರಾದರೆ ಅರ್ಧ ಕೇಳಿದ ಶಬ್ದವನ್ನು ಊಹಿಸಿ ತುಂಬಿಕೊಳ್ಳುತ್ತಾರೆ. ಗೊತ್ತಿಲ್ಲದ ಭಾಷೆಯಲ್ಲಿ ಮಗು ಏನನ್ನು ಊಹಿಸೀತು? ಈಗ ನಮ್ಮ ಶಾಲೆಯ ಬೆಂಚುಗಳನ್ನು ನೋಡಿ. ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಮಲಯಾಳ, ಮತ್ತೊಬ್ಬನದು ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ. ಪಾಠ ಪುಸ್ತಕದ ಕನ್ನಡದಲ್ಲಿ, ಆಮೇಲೆ ಇಂಗ್ಲಿಷು. ಸಪ್ತಭಾಷೆಗಳ ಸಂಗಮ ಎಂದು ವೇದಿಕೆಯಲ್ಲಿ ಹಿಗ್ಗುವ ನಾವು, ಆ ಏಳೂ ಭಾಷೆಗಳನ್ನು ಕಲಸಿ ಮಕ್ಕಳ ಕಿವಿಗೆ ಸುರಿಯುವ ಕೋಣೆ ಕಟ್ಟಿದ್ದೇವೆ. ನನ್ನ ಅಳಿಯ ಕಿವಿ ಮುಚ್ಚಿ ಹೊರಗೆ ಹೋದ, ಉಳಿದವರಿಗೆ ಹೋಗಲು ಗೊತ್ತಿಲ್ಲ, ಕೂತಿದ್ದಾರೆ. ‘ಈಗಿನ ಮಕ್ಕಳಿಗೆ ಗಮನವಿಲ್ಲ’ ಎಂದು ಅವರ ಪ್ರಗತಿಪತ್ರದಲ್ಲಿ ಬರೆಯುತ್ತೇವೆ. ಟೀಚರುಗಳ ಗಂಟಲು ಒಡೆದುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನೊಬ್ಬರೆಂದರು: ‘ಅಂಥ ಮಕ್ಕಳಿಗೆ ಬಡ್ಸ್ ಶಾಲೆ ಉಂಟಲ್ಲ.’ ಪಂಚಾಯತುಗಳು ಕುಟುಂಬಶ್ರೀಯೊಂದಿಗೆ ನಡೆಸುವ ಬಡ್ಸ್ ಶಾಲೆಗಳ ಬಗ್ಗೆ ನನಗೆ ಗೌರವವಿದೆ. ಗೇರು ತೋಟಗಳ ಮೇಲೆ 2000ದವರೆಗೂ ಎಂಡೋಸಲ್ಫಾನ್ ಸುರಿದ ಈ ಜಿಲ್ಲೆಯಲ್ಲಿ ಆ ಶಾಲೆಗಳು ಎಷ್ಟು ಮನೆಗಳ ಕಣ್ಣೀರು ಒರಸಿವೆ ಎಂದು ಎಣ್ಮಕಜೆ, ಪಡ್ರೆಯ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿಗೆ ಹೋಗಬೇಕಾದ ಮಗು ಹೋಗಲಿ. ಆದರೆ ನಾಲ್ಕು ವರ್ಷ ಎಲ್ಲರ ಜತೆ ಕೂತ ಮಗುವನ್ನು ನೆಲ ಹೊಳೆಯುತ್ತದೆಂಬ ಕಾರಣಕ್ಕೆ ಅಲ್ಲಿಗೆ ಕಳುಹಿಸುವುದಕ್ಕೆ ನನ್ನ ಭಾಷೆಯಲ್ಲಿ ಬೇರೆ ಹೆಸರಿದೆ: ಒಕ್ಕಲೆಬ್ಬಿಸುವುದು.

ಹಾಗಾದರೆ ಹಳೆಯದೇ ಚೆನ್ನಾಗಿತ್ತೆ ಎಂದು ಕೇಳಬೇಡಿ. ಹಳೆಯ ಮನೆಗಳಲ್ಲಿ ಜಗಲಿಯೂ ಇತ್ತು, ಕತ್ತಲಕೋಣೆಯೂ ಇತ್ತು. ಅಂಥ ಮಗನನ್ನು ನೆಂಟರು ಬರುವಾಗ ಯಾವ ಕೋಣೆಗೆ ಹಾಕಿ ಚಿಲಕ ಹಾಕುತ್ತಿದ್ದರೆಂದು ನಮ್ಮ ಹಿರಿಯರಿಗೆ ನೆನಪಿದೆ. ಹಂಚಿನ ಶಾಲೆಯಲ್ಲಿ ಮಳೆಗಾಲಕ್ಕೆ ಸೋರುತ್ತಿತ್ತು, ಒಂದು ತರಗತಿಯ ಮಗ್ಗಿ ಪಕ್ಕದ ತರಗತಿಗೂ ಪಾಠವಾಗುತ್ತಿತ್ತು. ಇನ್ನೊಂದು ತೊಡಕೂ ಇದೆ. ಎಲ್ಲರಿಗೂ ಒಪ್ಪುವ ಒಂದೇ ಕೋಣೆ ಇಲ್ಲ. ಒಬ್ಬನಿಗೆ ಮಬ್ಬು ಬೇಕು, ದೃಷ್ಟಿ ಕಡಿಮೆ ಇರುವವನಿಗೆ ಬೆಳಕು ಬೇಕು. ನನ್ನ ಅಳಿಯ ಸುಮ್ಮನಾಗಲು ತಾನೇ ಗುನುಗುತ್ತಾನೆ, ಆ ಗುನುಗು ಇನ್ನೊಬ್ಬ ಅಂಥವನಿಗೇ ಆಗದು. ಆದುದರಿಂದ ಒಂದೇ ಬಗೆಯ ಕೋಣೆಗಳನ್ನು ಸಾಲಾಗಿ ಜೋಡಿಸುವುದನ್ನು ಬಿಟ್ಟು, ಒಂದು ಮೌನದ ಮೂಲೆ, ಒಂದು ಗದ್ದಲದ ಜಾಗ, ನಡುವೆ ಒಂದು ಜಗಲಿ, ಹೀಗೆ ಆರಿಸಿಕೊಳ್ಳಲು ಬರುವಂತೆ ಕಟ್ಟಬೇಕು.

ದುಡ್ಡಿನ ಮಾತು ಬಂದರೆ ನನ್ನ ಬ್ಯಾಂಕಿನ ಸಂಗತಿ ಹೇಳುತ್ತೇನೆ. ನಮ್ಮ ಶಾಖೆಗೆ ರ‍್ಯಾಂಪು ಇದೆ, ಎ.ಟಿ.ಎಂ.ಗೆ ಬ್ರೈಲ್ ಗುಂಡಿ ಇದೆ, ಮಾತನಾಡುವ ಯಂತ್ರವಿದೆ. ಆದರೆ ಒಳಗೆ ಟೋಕನ್ನಿನ ‘ಟಿಂಗ್’ ದಿನವಿಡೀ, ಮೇಲೆ ಸಾಲು ಟ್ಯೂಬ್‌ಲೈಟು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ನಮಗೆ ಕಾಣದು, ಕೆಲವರಿಗೆ ಅದೇ ಹಿಂಸೆ. ಒಬ್ಬಾಕೆ ತಮ್ಮನನ್ನು ಪಿಂಚಣಿಯ ಹೆಬ್ಬೆರಳಿಗಾಗಿ ಕರೆತರುತ್ತಿದ್ದರು. ಮೂವತ್ತರ ಆಳು, ಕ್ಯೂನಲ್ಲಿ ಐದು ನಿಮಿಷ ನಿಲ್ಲಲಾರ, ಮೈ ಪರಚಿಕೊಳ್ಳುತ್ತಿದ್ದ. ಈಗ ಅವರು ಬರುವ ಮೊದಲು ನನಗೆ ಫೋನು ಮಾಡುತ್ತಾರೆ. ಪಕ್ಕದ ಬಾಗಿಲಿಂದ ಬಂದು ದಾಖಲೆಗಳಿಡುವ ಕೋಣೆಯಲ್ಲಿ, ದೀಪ ಆರಿಸಿ, ಗೋಡೆಗೆ ಮುಖ ಮಾಡಿಟ್ಟ ಕುರ್ಚಿಯಲ್ಲಿ ಕೂರುತ್ತಾರೆ. ಯಂತ್ರವನ್ನು ನಾನೇ ಅಲ್ಲಿಗೆ ಒಯ್ಯುತ್ತೇನೆ. ಬ್ಯಾಂಕಿಗೆ ಆದ ಖರ್ಚು ಒಂದು ಕುರ್ಚಿ. ಅದೂ ಹಳೆಯದು.

ಶಾಲೆಗೂ ಬೇಕಾದದ್ದು ಇದೇ ತರದ್ದು. ಹೊಳಪಿಲ್ಲದ ನೆಲ. ಹಿಂದಿನ ಗೋಡೆಗೆ ತೆಂಗಿನ ನಾರಿನ ಚಾಪೆ ಅಥವಾ ಸಾಫ್ಟ್‌ಬೋರ್ಡು (ನಾರಿಗೆ ನಮ್ಮ ನಾಡಿನಲ್ಲಿ ಬರವೆ?). ಡೆಸ್ಕಿನ ಕಾಲಿಗೆ ರಬ್ಬರು. ಸೈರನ್ನಿನ ಬದಲು ಹಳಿಯ ತುಂಡು, ಅದಿನ್ನೂ ಹಿತ್ತಿಲಲ್ಲಿ ಬಿದ್ದಿದೆ. ತರಗತಿಗೊಂದು ಮೂಲೆ, ಎದೆಮಟ್ಟದ ಮರೆ, ಒಳಗೊಂದು ಚಾಪೆ. ಬಾಗಿಲಿಗೊಂದು ಚಿತ್ರ: ಊಟದ ಕೋಣೆಗೆ ತಟ್ಟೆ, ಶೌಚಾಲಯಕ್ಕೆ ನೀರಿನ ನಳ್ಳಿ, ಐದನೇ ತರಗತಿಗೆ ಗಿಳಿ.

ಫಲಕದ ವಿಷಯದಲ್ಲಿ ನಾವು ಕನ್ನಡಿಗರು ಬಾಯಿ ಮುಚ್ಚಿ ಕೂರುವ ಹಾಗೆಯೇ ಇಲ್ಲ. ವಿಲ್ಲೇಜ್ ಆಫೀಸಿನ ಎದುರು, ಆಸ್ಪತ್ರೆಯ ಚೀಟಿಯ ಕಿಟಕಿಯೆದುರು, ಬಸ್ಸಿನ ಹಣೆಯಲ್ಲಿ ಕನ್ನಡ ಇಲ್ಲವೆಂದು 1956ರಿಂದ ಮನವಿ ಕೊಡುತ್ತ ಬಂದವರು ನಾವು. ಕೊಡಲೇಬೇಕು. ತನಗೆ ತಿಳಿಯದ ಫಲಕದೆದುರು ನಿಂತು, ಸುತ್ತಲಿನವರೆಲ್ಲ ಸರಾಗ ಒಳಗೆ ಹೋಗುತ್ತಿರುವಾಗ, ‘ಈ ಕಟ್ಟಡ ನನಗಾಗಿ ಕಟ್ಟಿದ್ದಲ್ಲ’ ಎಂದು ನಾಚಿ ಹಿಂದೆ ಸರಿಯುವ ಅನುಭವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಅನುಭವವನ್ನು ನಮ್ಮದೇ ಮನೆಯ ಮಗುವಿಗೆ, ನಮ್ಮದೇ ಕನ್ನಡ ಶಾಲೆಯ ಬಾಗಿಲಲ್ಲಿ ಕೊಟ್ಟೆವಲ್ಲ. ಈ ಸಂಚಿಕೆಯ ಮಲಯಾಳ ಪುಟಗಳ ಓದುಗರನ್ನೂ ಕೇಳುತ್ತೇನೆ. ನಿಮ್ಮ ಶಾಲೆಗಳ ಟೈಲ್ಸೂ ನಮ್ಮದಷ್ಟೇ ಹೊಳೆಯುತ್ತವೆ. ಕಿವಿ ಮುಚ್ಚಿ ಓಡುವ ಮಗು ಯಾವ ಭಾಷೆಯಲ್ಲಿ ಅಳುತ್ತದೆಂದು ಕೇಳಿ ನಾವು ಬಾಗಿಲು ತೆರೆಯಬೇಕಾಗಿಲ್ಲ.

ಮೇಲಿನ ಅಂತಸ್ತಿನ ಕೆಲಸ ಈಗ ನಡೆಯುತ್ತಿದೆ. ಎಸ್ಟಿಮೇಟು ಅದೇ: ಅದೇ ತಾರಸಿ, ಅದೇ ಪುಟ್ಟಿ, ಅದೇ ಅಂಗಡಿಯ ಅದೇ ಟೈಲ್ಸು, ಜತೆಗೆ ವೇದಿಕೆಗೆ ಗ್ರಾನೈಟು, ದಾನಿಗಳ ಹೆಸರಿಗೆ ಕಪ್ಪುಕಲ್ಲು. ಹೋದ ತಿಂಗಳ ಸಭೆಯಲ್ಲಿ ನನ್ನ ಭಿನ್ನಾಭಿಪ್ರಾಯವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿದ್ದೇನೆ. ಕಾರ್ಯದರ್ಶಿಯವರು ಬೇಸರದಿಂದಲೇ ಬರೆದರು. ಟೈಲ್ಸಿನ ಮುಂಗಡದ ಚೆಕ್ಕಿಗೆ ಎರಡು ಸಹಿ ಬೇಕು. ಅಧ್ಯಕ್ಷರ ಸಹಿ ಬಿದ್ದಾಗಿದೆ. ಚೆಕ್ಕು ನನ್ನ ಮೇಜಿನ ಖಾನೆಯಲ್ಲಿದೆ.